ಪರಮಪ್ರಸಾದದ ಪರಿವ್ರಾಜಕ: ಸಂತ ಜೋಸೆಫ್ ವಾಜ್

ಕೆಳದಿಯ ಚರಿತ್ರೆಯೆಂದೊಡನೆ ನಮಗೆ ನೆನಪಾಗುವುದು ಶಿವಪ್ಪನಾಯಕನ ಶಿಸ್ತು, ಚೆನ್ನಮ್ಮಾಜಿಯ ಧೈರ್ಯ, ಬಿದನೂರಿನ ಕೋಟೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗಳಲ್ಲಿ ಹುಟ್ಟಿ ಬೆಳೆದ ನಮಗೆ ಇವೆಲ್ಲ ಮನೆಮಾತುಗಳು. ಆದರೆ ಅದೇ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, ಆಕೆಯ ರಾಜ್ಯಕ್ಕೆ ಸೇರಿದ್ದ ಘಟ್ಟದ ಕೆಳಗಿನ ಊರುಗಳಲ್ಲಿ, ಬರಿಗಾಲಿನಲ್ಲಿ ನಡೆದಾಡಿದ ಒಬ್ಬ ಕ್ರೈಸ್ತ ಗುರುವಿನ ಹೆಸರು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ಜೋಸೆಫ್ ವಾಜ್. 2015ನೆಯ ಇಸವಿಯ ಜನವರಿ 14ರಂದು ಕೊಲಂಬೊ ನಗರದ ಕಡಲ ಬಯಲಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಇವರನ್ನು ಸಂತರೆಂದು ಸಾರಿದರು. ಸಿಂಹಳ ದ್ವೀಪದ ಪಾಲಿಗೆ ಇವರೇ ಮೊದಲನೆಯ ಸಂತರು. ಆ ದ್ವೀಪಕ್ಕೆ ಹೋಗುವ ಮುನ್ನ ಮೂರು ವರ್ಷಗಳ ಕಾಲ ಇವರು ನಮ್ಮ ಕೆಳದಿಯ ರಾಜ್ಯದಲ್ಲಿ ದುಡಿದವರು.

ನಾನು ಕ್ರೈಸ್ತಮತದವನಲ್ಲ. ಈ ಲೇಖನವನ್ನು ಬರೆಯಲು ಹೊರಟಿರುವುದು ಮತಪ್ರಚಾರಕ್ಕೂ ಅಲ್ಲ, ಪವಾಡಗಳ ಪಟ್ಟಿಯನ್ನು ಒಪ್ಪಿಸುವುದಕ್ಕೂ ಅಲ್ಲ. ಅವರ ಚರಿತ್ರೆಯನ್ನು ಓದುತ್ತ ಹೋದಂತೆ ಒಂದೇ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಅಂಗೈಯಲ್ಲಿ ಇಟ್ಟರೆ ಭಾರವೇ ತಿಳಿಯದಷ್ಟು ತೆಳುವಾದ ಒಂದು ಗೋಧಿಯ ರೊಟ್ಟಿಯ ಬಿಲ್ಲೆಯನ್ನು ಜನರ ಬಾಯಿಗೆ ಮುಟ್ಟಿಸುವುದಕ್ಕಾಗಿ ಒಬ್ಬ ಮನುಷ್ಯ ತನ್ನ ಇಡೀ ಆಯುಸ್ಸನ್ನೇ ಏಕೆ ಒತ್ತೆಯಿಟ್ಟ? ಈ ಪ್ರಶ್ನೆಗೆ ಉತ್ತರ ದೊರೆತರೆ ಜೋಸೆಫ್ ವಾಜ್ ಅವರ ಬಾಳಿನ ಅರ್ಥವೂ ದೊರೆತಂತೆ.

ಮೊದಲು ಆ ಪ್ರಸಾದದ ವಿಚಾರವನ್ನು ತಿಳಿದುಕೊಳ್ಳಬೇಕು. ಏಸುಕ್ರಿಸ್ತನು ತನ್ನ ಮರಣದ ಹಿಂದಿನ ರಾತ್ರಿ ಶಿಷ್ಯರೊಡನೆ ಊಟಕ್ಕೆ ಕುಳಿತು, ರೊಟ್ಟಿಯನ್ನು ಮುರಿದು, ದ್ರಾಕ್ಷಾರಸದ ಬಟ್ಟಲನ್ನು ಹಂಚಿ, ಅವು ತನ್ನ ಶರೀರವೂ ರಕ್ತವೂ ಆಗಿವೆಯೆಂದು ತಿಳಿಸಿ, ತನ್ನ ನೆನಪಿಗಾಗಿ ಇದನ್ನು ಮಾಡುತ್ತಿರಬೇಕೆಂದು ವಿಧಿಸಿದನೆಂಬುದು ಕ್ರೈಸ್ತರ ನಂಬಿಕೆ. ಕಥೋಲಿಕರು ಈ ಕ್ರಿಯೆಯನ್ನು ಬಲಿಪೂಜೆ ಎನ್ನುತ್ತಾರೆ. ಅದರಲ್ಲಿ ದೊರೆಯುವುದನ್ನು ಪರಮಪ್ರಸಾದ ಎನ್ನುತ್ತಾರೆ. ಅವರ ದೃಷ್ಟಿಯಲ್ಲಿ ಅದು ದೇವರಿಗೆ ನಿವೇದಿಸಿದ ವಸ್ತು ಮಾತ್ರವಲ್ಲ, ದೇವರೇ ಆಹಾರವಾಗಿ ಬಂದಿರುವ ರೂಪ. ಈ ಕ್ರಿಯೆಗೆ ಮೂರು ಬೇಕೇ ಬೇಕು: ಗೋಧಿಯ ರೊಟ್ಟಿ, ದ್ರಾಕ್ಷಿಯ ರಸ, ದೀಕ್ಷೆ ಪಡೆದ ಗುರು. ಅಗತ್ಯ ಬಿದ್ದರೆ ಸಾಮಾನ್ಯ ಭಕ್ತನೂ ಮಗುವಿಗೆ ಜ್ಞಾನಸ್ನಾನ ಕೊಡಬಹುದು, ಪ್ರಾರ್ಥನೆ ಹೇಳಿಸಬಹುದು, ಸತ್ತವರನ್ನು ಮಣ್ಣು ಮಾಡಬಹುದು. ಬಲಿಪೂಜೆಯನ್ನು ಮಾತ್ರ ಮಾಡಲಾರ. ಗುರುವಿಲ್ಲದ ಊರಿನಲ್ಲಿ ಕಥೋಲಿಕ ಭಕ್ತನು ಎಷ್ಟೇ ನಿಷ್ಠೆಯಿಂದಿದ್ದರೂ ತನ್ನ ಧರ್ಮದ ಮುಖ್ಯ ಆಹಾರಕ್ಕೆ ಎರವಾಗಿಯೇ ಉಳಿಯುತ್ತಾನೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಚರಿತ್ರೆಯನ್ನು ನೋಡಬೇಕು.

ಜೋಸೆಫ್ ವಾಜ್ ಅವರು 1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿ ಎಂಬ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು. ತಾಯಿ ಮಾರಿಯಾ ದ ಮಿರಾಂದಾ. ಬ್ರಾಹ್ಮಣ ಮೂಲದ, ಕೊಂಕಣಿ ಮಾತನಾಡುವ ಕುಟುಂಬ. ಬಾಲ್ಯದಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತು, ಗೋವಾ ನಗರದ ಯೇಸುಸಭೆಯವರ ಸಂತ ಪೌಲರ ವಿದ್ಯಾಪೀಠದಲ್ಲಿಯೂ ಅನಂತರ ಡೊಮಿನಿಕನ್ನರ ವಿದ್ಯಾಪೀಠದಲ್ಲಿಯೂ ಓದಿ, 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಆ ಕಾಲದಲ್ಲಿ ಐರೋಪ್ಯ ಸಂನ್ಯಾಸಿ ಸಂಘಗಳು ದೇಶೀಯರನ್ನು ತಮ್ಮೊಳಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ವಿದ್ಯೆಯಿದ್ದರೂ, ದೀಕ್ಷೆಯಿದ್ದರೂ, ಮೈಬಣ್ಣವೊಂದು ಬೇಲಿಯಾಗಿ ನಿಂತಿತ್ತು. ವಾಜ್ ಅವರು ಈ ಬೇಲಿಯ ಮುಂದೆ ಕುಳಿತು ಮರುಗಲಿಲ್ಲ. ಸಾಂಕ್ವಾಳದಲ್ಲಿ ಒಂದು ಲ್ಯಾಟಿನ್ ಪಾಠಶಾಲೆಯನ್ನು ತೆರೆದು ಹುಡುಗರಿಗೆ ಪಾಠ ಹೇಳತೊಡಗಿದರು. ಸುತ್ತಲಿನ ಊರುಗಳಿಗೆ ಕಾಲ್ನಡಿಗೆಯಲ್ಲೇ ಹೋಗುವ ಅಭ್ಯಾಸವನ್ನೂ ಬೆಳೆಸಿಕೊಂಡರು.

ಅಷ್ಟರಲ್ಲಿ ಸಿಂಹಳದ ಕ್ರೈಸ್ತರ ದುಃಸ್ಥಿತಿ ಅವರ ಕಿವಿಗೆ ಬಿದ್ದಿತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡಿದ್ದರು. ಡಚ್ಚರೂ ಕ್ರೈಸ್ತರೇ, ಆದರೆ ಪ್ರಾಟೆಸ್ಟಂಟ್ ಪಂಥದವರು. ಕಥೋಲಿಕ ಗುರುಗಳು ದ್ವೀಪದಲ್ಲಿರಕೂಡದು, ಅವರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಅವರು ಕಟ್ಟಾಜ್ಞೆ ಹೊರಡಿಸಿದರು. ಹಾಗಾಗಿ ಸಾವಿರಾರು ಭಕ್ತರು ಬಲಿಪೂಜೆಯಿಲ್ಲದೆ, ಪರಮಪ್ರಸಾದವಿಲ್ಲದೆ ವರ್ಷಗಟ್ಟಲೆ ಕಳೆಯುತ್ತಿದ್ದರು. ಅಲ್ಲಿಗೆ ಹೋಗಬೇಕೆಂದು ವಾಜ್ ಅವರು ಗೋವೆಯ ಧರ್ಮಾಧಿಕಾರಿಗಳನ್ನು ಬೇಡಿಕೊಂಡರು. ಆದರೆ 1681ರಲ್ಲಿ ಅವರನ್ನು ಕಳುಹಿಸಿದ್ದು ಸಿಂಹಳಕ್ಕಲ್ಲ, ಕನ್ನಡ ಜಿಲ್ಲೆಯ ಕರಾವಳಿಗೆ. ಎಂದರೆ ನಮ್ಮ ಕೆಳದಿಯ ರಾಜ್ಯಕ್ಕೆ.

ಆಗ ಬಿದನೂರಿನ ಸಿಂಹಾಸನದಲ್ಲಿದ್ದವಳು ಚೆನ್ನಮ್ಮಾಜಿ. 1671ರಿಂದ ಸುಮಾರು 1696ರವರೆಗೆ ರಾಜ್ಯಭಾರ ಮಾಡಿದ ಈ ವೀರಶೈವ ರಾಣಿಯ ಆಳ್ವಿಕೆ ಘಟ್ಟದ ಮೇಲಿನ ಮಲೆನಾಡಿನಿಂದ ಹೊನ್ನಾವರ, ಬಸರೂರು, ಮಂಗಳೂರುಗಳವರೆಗೆ ಹಬ್ಬಿತ್ತು. 1650ರ ದಶಕದಲ್ಲಿ ಶಿವಪ್ಪನಾಯಕನು ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದೂಡಿದ್ದನು. ಆದರೆ ಕೋಟೆ ಕಳೆದುಕೊಂಡರೂ ಗೋವೆಯವರಿಗೆ ಕನ್ನಡ ಕರಾವಳಿಯ ಅಕ್ಕಿ ಇಲ್ಲದೆ ನಡೆಯುತ್ತಿರಲಿಲ್ಲ. ಬಸರೂರಿನ ಬಂದರಿನಿಂದ ಅಕ್ಕಿಯ ಮೂಟೆಗಳು ಹಡಗೇರುತ್ತಿದ್ದವು. 1678ರ ಒಪ್ಪಂದದಲ್ಲಿ ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಕೆಳದಿಯವರು ಒಪ್ಪಿಗೆಯಿತ್ತರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಬಿಷಪ್ ತೋಮಸ್ ದ ಕಾಸ್ತ್ರೊ ಅವರು ಕಟ್ಟಿಸಿದಾಗ ಅದರ ಭೂಮಿ ಚೆನ್ನಮ್ಮಾಜಿಯ ಕೊಡುಗೆಯಾಗಿತ್ತೆಂದು ಹೇಳುತ್ತಾರೆ. ಗೋವೆಯಿಂದ ಬಂದ ಕ್ರೈಸ್ತ ರೈತರು ಈ ರಾಜ್ಯದಲ್ಲಿ ಗದ್ದೆ ಮಾಡಿಕೊಂಡು ನೆಲೆನಿಂತಿದ್ದರು. ಅದಕ್ಕೂ ಹಿಂದೆ, ಪೋರ್ಚುಗೀಸರು ದೇವಾಲಯಗಳನ್ನು ಕೆಡವಿ ಮತವಿಚಾರಣೆಯ ಕಾಟ ಕೊಟ್ಟಾಗ, ಗೋವೆಯ ಹಿಂದೂಗಳೂ ಇದೇ ಕರಾವಳಿಗೆ ಓಡಿಬಂದಿದ್ದರು. ಓಡಿಬಂದವರಿಗೂ, ಅವರನ್ನು ಓಡಿಸಿದ ಧರ್ಮದವರಿಗೂ ಒಂದೇ ನೆಲ ಅನ್ನ ಕೊಟ್ಟಿತು.

ವಾಜ್ ಅವರು ಬಂದಾಗ ಇಲ್ಲಿಯ ಕ್ರೈಸ್ತ ಸಮಾಜ ಎರಡು ಹೋಳಾಗಿತ್ತು. ಧರ್ಮಾಧಿಕಾರವು ಪೋರ್ಚುಗಲ್ಲಿನ ಅರಸನ ಆಶ್ರಯದಲ್ಲಿದ್ದ ಗೋವೆಯ ಧರ್ಮಪೀಠದ್ದೋ, ರೋಮಿನಿಂದ ನೇರವಾಗಿ ನೇಮಕವಾಗಿದ್ದ ಬಿಷಪ್ ಕಾಸ್ತ್ರೊ ಅವರದ್ದೋ ಎಂಬುದು ಜಗಳ. ಒಂದು ಪಕ್ಷದವರು ಕೊಟ್ಟ ಸಂಸ್ಕಾರ ಸಲ್ಲದೆಂದು ಇನ್ನೊಂದು ಪಕ್ಷದವರು ಸಾರುತ್ತಿದ್ದರು. ಅಧಿಕಾರಸ್ಥರ ಈ ಹೋರಾಟದಲ್ಲಿ ನೊಂದವನು ಬಡ ಭಕ್ತ. ತಾನು ಸ್ವೀಕರಿಸಿದ ಪ್ರಸಾದ ನಿಜವಾದದ್ದೋ ಅಲ್ಲವೋ, ತನ್ನ ಮದುವೆ ಮದುವೆಯೋ ಅಲ್ಲವೋ ಎಂಬ ಅಳುಕಿನಲ್ಲಿ ಅವನು ಬದುಕಬೇಕಾಯಿತು. ವಾಜ್ ಅವರು ಗೋವೆಯ ಪಕ್ಷದಿಂದ ಬಂದವರಾದರೂ ಹಟಕ್ಕೆ ನಿಲ್ಲದೆ ಬಿಷಪ್ ಕಾಸ್ತ್ರೊ ಅವರನ್ನು ಸ್ವತಃ ಕಂಡು ಸಂಧಾನದ ದಾರಿ ಹಿಡಿದರು. ಪದವಿ ಯಾರದೆಂಬ ಪ್ರಶ್ನೆಗಿಂತ ಜನರು ಪ್ರಸಾದವಿಲ್ಲದೆ ಹಿಂದಿರುಗಬಾರದೆಂಬುದೇ ಅವರಿಗೆ ದೊಡ್ಡದಾಗಿತ್ತು. ಅವರ ಬಾಳಿನುದ್ದಕ್ಕೂ ಕಾಣುವ ಗುಣವಿದು.

ಮೂರು ವರ್ಷಗಳ ಕಾಲ ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿ, ಕಲ್ಯಾಣಪುರ ಮೊದಲಾದ ಊರುಗಳಲ್ಲಿ ಅವರು ಸಂಚರಿಸಿದರು. ಪಾಳುಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆಗಳನ್ನು ಏರ್ಪಡಿಸಿದರು. ಆ ಕಾಲದ ಎರಡು ಐತಿಹ್ಯಗಳು ಕರಾವಳಿಯಲ್ಲಿ ಇಂದಿಗೂ ಜೀವಂತವಾಗಿವೆ. ಕುಂದಾಪುರದ ರೊಜಾರಿ ಮಾತೆಯ ಇಗರ್ಜಿಯಲ್ಲಿ ಪ್ರಾರ್ಥನೆಯಲ್ಲಿ ಮೈಮರೆತ ವಾಜ್ ಅವರು ನೆಲದಿಂದ ಮೇಲೆದ್ದು ನಿಂತಿದ್ದರಂತೆ. ಇನ್ನೊಂದು ಮುಡಿಪಿನ ಕಥೆ. ರೋಗಿಯೊಬ್ಬ ಸಾಯುವ ಸ್ಥಿತಿಯಲ್ಲಿದ್ದಾನೆ, ಬಂದು ಕೊನೆಯ ಸಂಸ್ಕಾರ ಕೊಡಬೇಕು ಎಂದು ಸುಳ್ಳು ಹೇಳಿ, ಕೇಡು ಬಗೆದವರು ರಾತ್ರಿಯ ಹೊತ್ತು ಅವರನ್ನು ಗುಡ್ಡಕ್ಕೆ ಕರೆದೊಯ್ದರಂತೆ. ಅವರು ಕೈಗೋಲಿನಿಂದ ನೆಲವನ್ನು ಮುಟ್ಟಿದಾಗ ಬೆಳಕು ಚಿಮ್ಮಿ ಪಾರಾದರಂತೆ. ಮುಡಿಪಿನ ಆ ಗುಡ್ಡದ ಮೇಲೆ ಇಂದು ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಬೆಳಕು ಬಂದಿತೋ ಇಲ್ಲವೋ ಎಂಬುದನ್ನು ನಂಬುವವರಿಗೆ ಬಿಡೋಣ. ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಂಡದ್ದು ಬೇರೆ. ಅವರನ್ನು ಬಲೆಗೆ ಬೀಳಿಸಬೇಕಾದರೆ ಹಣದ ಆಸೆ ತೋರಿಸಿ ಪ್ರಯೋಜನವಿಲ್ಲ, ಪದವಿಯ ಆಸೆ ತೋರಿಸಿ ಪ್ರಯೋಜನವಿಲ್ಲ. ಸಾಯುವವನಿಗೆ ಪ್ರಸಾದ ಬೇಕಾಗಿದೆ ಎಂದರೆ ಮಾತ್ರ ನಡುರಾತ್ರಿಯಲ್ಲೂ ಹೊರಟುಬರುತ್ತಾರೆ ಎಂಬುದನ್ನು ಅವರ ವೈರಿಗಳೂ ಅರಿತಿದ್ದರು. ಒಬ್ಬ ಮನುಷ್ಯನ ಶೀಲಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

1684ರಲ್ಲಿ ಅವರು ಗೋವೆಗೆ ಹಿಂದಿರುಗಿದರು. ಮರುವರ್ಷ ದೇಶೀಯ ಗುರುಗಳ ಒಂದು ಸಣ್ಣ ಕೂಟವನ್ನು ಸೇರಿದರು. ಸಂತ ಫಿಲಿಪ್ ನೇರಿಯವರ ಒರೆಟರಿಯ ಮಾದರಿಯಲ್ಲಿ ಅದನ್ನು ಗಟ್ಟಿಗೊಳಿಸಿದವರು ಅವರೇ. ಐರೋಪ್ಯರು ಬಾಗಿಲು ಮುಚ್ಚಿದ್ದ ಕಡೆ ಹೀಗೆ ಭಾರತೀಯ ಗುರುಗಳು ತಮ್ಮದೇ ಆದ ಮನೆಯೊಂದನ್ನು ಕಟ್ಟಿಕೊಂಡರು. ಆದರೆ ಆ ಮನೆಗೂ ಒಂದು ಹೊಸ್ತಿಲಿತ್ತು ಎಂಬುದನ್ನು ಮರೆಮಾಚಬಾರದು. ಬಹುಕಾಲ ಅದು ಬ್ರಾಹ್ಮಣ ಮೂಲದ ಗುರುಗಳಿಗೆ ಮಾತ್ರವೇ ಮೀಸಲಾಗಿತ್ತು. ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ಧರ್ಮವೂ ನಮ್ಮ ನೆಲದ ಜಾತಿಯ ಕಟ್ಟನ್ನು ಸುಲಭವಾಗಿ ಬಿಚ್ಚಲಾರದೆ ಹೋಯಿತು.

1686ರಲ್ಲಿ ವಾಜ್ ಅವರು ಜಾನ್ ಎಂಬ ಸೇವಕನೊಡನೆ ಸಿಂಹಳಕ್ಕೆ ಹೊರಟರು. ನಮ್ಮ ಕರಾವಳಿಯನ್ನೂ ಮಲಬಾರನ್ನೂ ದಾಟಿ ತೂತ್ತುಕುಡಿಯನ್ನು ಸೇರಿ, 1687ರಲ್ಲಿ ದ್ವೀಪವನ್ನು ಮುಟ್ಟಿದರು. ಗುರುವಿನ ನಿಲುವಂಗಿಯನ್ನು ಕಳಚಿಟ್ಟು ಕೂಲಿಯವನ ವೇಷ ಹಾಕಿಕೊಂಡಿದ್ದರು. ಬ್ರಾಹ್ಮಣ ಕುಲದವರೆಂಬ ಹೆಮ್ಮೆಯಾಗಲಿ, ಪಂಡಿತರೆಂಬ ಗುರುತಾಗಲಿ ಅಲ್ಲಿ ಉಳಿಯಲಿಲ್ಲ. ಜಾಫ್ನಾಕ್ಕೆ ಬಂದವರೇ ಆಮಶಂಕೆಯಿಂದ ಸಾವಿನ ಅಂಚಿಗೆ ಹೋದರು. ಆಗ ಒಬ್ಬ ಹೆಂಗಸು ಗಂಜಿ ತಂದುಕೊಟ್ಟು ಬದುಕಿಸಿದಳೆಂದು ಅವರ ಚರಿತ್ರಕಾರರು ಹೇಳುತ್ತಾರೆ. ದೇವರ ಪ್ರಸಾದವನ್ನು ಹೊತ್ತು ಬಂದವನಿಗೆ ಮೊದಲು ಪ್ರಸಾದ ದೊರೆತದ್ದು ಆ ಬಡ ಹೆಂಗಸಿನ ಗಂಜಿಯ ರೂಪದಲ್ಲಿ.

ಮೈ ಸುಧಾರಿಸಿದ ಮೇಲೆ ಕೊರಳಿಗೆ ಜಪಸರವನ್ನು ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಸರವನ್ನು ಕಂಡು ಯಾರ ಮುಖ ಬದಲಾಗುವುದೋ ಅವರೇ ಗುಟ್ಟಿನ ಕಥೋಲಿಕರೆಂದು ತಿಳಿಯುವ ಉಪಾಯವದು. ಹೀಗೆ ಗುರುತು ಸಿಕ್ಕಿದ ಮನೆಗಳಲ್ಲಿ ರಾತ್ರಿ ಬಾಗಿಲಿಕ್ಕಿಕೊಂಡು ಬಲಿಪೂಜೆ ಅರ್ಪಿಸಿ, ಬೆಳಕು ಹರಿಯುವ ಮುನ್ನ ಬೇರೆ ಕಡೆಗೆ ಹೊರಟುಬಿಡುತ್ತಿದ್ದರು. ಸುಮಾರು ಮೂವತ್ತು ವರ್ಷಗಳ ಮೇಲೆ ಆ ಜನರಿಗೆ ಪರಮಪ್ರಸಾದ ದೊರೆಯಿತು. ಮುಪ್ಪಿನವರು ಹಳೆಯ ನೆನಪಿನಿಂದ ಅದನ್ನು ಸ್ವೀಕರಿಸಿರಬೇಕು. ಕಿರಿಯರು ಜೀವನದಲ್ಲಿ ಮೊದಲ ಸಲ ಕಂಡಿರಬೇಕು. ಗೋಧಿಯಾಗಲಿ ದ್ರಾಕ್ಷಿಯಾಗಲಿ ಆ ದ್ವೀಪದ ಪೈರುಗಳಲ್ಲ. ಅಕ್ಕಿ ತೆಂಗುಗಳ ನಾಡಿನಲ್ಲಿ ಬಲಿಪೂಜೆಯ ಸಾಮಗ್ರಿಯನ್ನು ಒದಗಿಸಿಕೊಳ್ಳುವುದೂ ಬಚ್ಚಿಡುವುದೂ ಒಂದು ಸಾಹಸವೇ. 1689ರ ಕ್ರಿಸ್ತಜಯಂತಿಯ ರಾತ್ರಿ ಪೂಜೆಗೆ ಸೇರಿದ್ದವರ ಮೇಲೆ ಡಚ್ಚರು ಬಿದ್ದು ಅನೇಕರನ್ನು ಸೆರೆಹಿಡಿದರು. ವಾಜ್ ಅವರು ಕೈಗೆ ಸಿಕ್ಕಲಿಲ್ಲ.

ಡಚ್ಚರ ನಾಡನ್ನು ಬಿಟ್ಟು ಅವರು ಪುತ್ತಳಂ ಮಾರ್ಗವಾಗಿ 1692ರಲ್ಲಿ ಕ್ಯಾಂಡಿಯನ್ನು ಸೇರಿದರು. ಅಲ್ಲಿ ಬೌದ್ಧನಾದ ಎರಡನೆಯ ವಿಮಲಧರ್ಮಸೂರ್ಯನು ಆಳುತ್ತಿದ್ದನು. ಇವರು ಪೋರ್ಚುಗೀಸರ ಗೂಢಚಾರರೆಂದು ಪ್ರಾಟೆಸ್ಟಂಟ್ ಪಂಥದ ಫ್ರೆಂಚನೊಬ್ಬನು ದೂರಿದ್ದರಿಂದ ಅರಸನು ಸೆರೆಯಲ್ಲಿಟ್ಟನು. ಅವರು ಸೆರೆಯಲ್ಲೇ ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದಾಗ ಹುಲ್ಲಿನ ಗುಡಿಸಲೊಂದನ್ನು ಕಟ್ಟಿ, ಪೀಠವನ್ನು ನಿಲ್ಲಿಸಿ ಬಲಿಪೂಜೆಯನ್ನು ಆರಂಭಿಸಿದರು. ಕದ್ದುಮುಚ್ಚಿ ಬಂದ ಭಕ್ತರಿಗೆ ಸೆರೆಮನೆಯೇ ಇಗರ್ಜಿಯಾಯಿತು. ಇವರು ಗೂಢಚಾರರಲ್ಲವೆಂಬುದು ಕ್ರಮೇಣ ಅರಸನಿಗೆ ಮನದಟ್ಟಾಯಿತು. 1696ರ ಬರಗಾಲದಲ್ಲಿ ಅರಸನ ಕೋರಿಕೆಯಂತೆ ಇವರು ಬಯಲಿನಲ್ಲಿ ಪ್ರಾರ್ಥಿಸಲು ಮಳೆ ಸುರಿಯಿತೆಂಬ ಕಥೆಯಿದೆ. ಆ ಮೇಲೆ ರಾಜ್ಯದಲ್ಲಿ ಸಂಚರಿಸುವ ಸ್ವಾತಂತ್ರ್ಯ ದೊರೆಯಿತು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದಾಗ ಅರಸನೂ ಪ್ರಜೆಗಳೂ ಊರು ಬಿಟ್ಟರು. ವಾಜ್ ಅವರು ತಮ್ಮ ಸಂಗಡಿಗರಾದ ಜೋಸೆಫ್ ಕಾರ್ವಾಲೊ ಅವರೊಡನೆ ಊರಲ್ಲೇ ಉಳಿದು, ಮತವನ್ನು ಕೇಳದೆ ರೋಗಿಗಳ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಹೆಣಗಳಿಗೆ ಗುಂಡಿ ತೋಡಿದರು. ಜಾಫ್ನಾದ ಆ ಹೆಂಗಸಿನ ಋಣ ಹೀಗೆ ತೀರಿತೆಂದು ನನಗನ್ನಿಸುತ್ತದೆ. ಪೀಠದ ಮೇಲಿನ ಪ್ರಸಾದಕ್ಕೂ ರೋಗಿಯ ಬಾಯಿಗಿಟ್ಟ ಗಂಜಿಗೂ ನಡುವೆ ಅವರು ಭೇದವೆಣಿಸಲಿಲ್ಲ.

ಇಷ್ಟಾದರೂ ಒಬ್ಬನ ಕೈಯಿಂದ ದ್ವೀಪಕ್ಕೆಲ್ಲ ಪ್ರಸಾದ ಹಂಚುವುದು ಸಾಧ್ಯವಿಲ್ಲವೆಂಬುದನ್ನು ಅವರು ಬಲ್ಲರು. ಗೋವೆಯ ಒರೆಟರಿಯಿಂದ ಗುರುಗಳನ್ನು ಬರಮಾಡಿಕೊಂಡರು. ಪ್ರತಿಯೊಂದು ಊರಿನಲ್ಲೂ ಭಕ್ತರನ್ನು ಕೂಡಿಸಿ ಪ್ರಾರ್ಥನೆ ನಡೆಸುವ ಹಿರಿಯರನ್ನು ನೇಮಿಸಿದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವೆಸ್ ಅವರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿ ಸಿಂಹಳದ ಕ್ರೈಸ್ತ ಸಾಹಿತ್ಯಕ್ಕೆ ತಳಹದಿ ಹಾಕಿದರು. ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ವಾಜ್ ಅವರು ಒಪ್ಪಲಿಲ್ಲ. 1711ನೆಯ ಇಸವಿ ಜನವರಿ 16ರಂದು ಕ್ಯಾಂಡಿಯಲ್ಲಿ, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊರಟಂದಿನಿಂದ ಮತ್ತೆ ಗೋವೆಯನ್ನು ಕಾಣಲಿಲ್ಲ. ಪೋಪ್ ಎರಡನೆಯ ಜಾನ್ ಪಾಲ್ ಅವರು 1995ರ ಜನವರಿ 21ರಂದು ಕೊಲಂಬೊದಲ್ಲಿ ಇವರನ್ನು ಧನ್ಯರೆಂದು ಘೋಷಿಸಿದರು. ಅದಾದ ಇಪ್ಪತ್ತು ವರ್ಷಕ್ಕೆ ಸಂತಪದವಿ ಬಂದಿತು.

ಈ ಚರಿತ್ರೆಯಿಂದ ನಾನು ಗ್ರಹಿಸಿದ ಎರಡು ಸಂಗತಿಗಳನ್ನು ಸಹಪಾಠಿಗಳ ಮುಂದೆ ಇಡಬಯಸುತ್ತೇನೆ.

ಒಂದನೆಯದು ರಾಜಧರ್ಮಕ್ಕೆ ಸಂಬಂಧಿಸಿದ್ದು. ಕಥೋಲಿಕ ಗುರುವನ್ನು ಬೇಟೆಯಾಡಿದವರು ಕ್ರೈಸ್ತರಾದ ಡಚ್ಚರು. ಕಾಪಾಡಿದವನು ಬೌದ್ಧ ಅರಸ. ಅದಕ್ಕೂ ಮೊದಲು ನಿರಾತಂಕವಾಗಿ ದುಡಿಯಲು ನೆಲ ಕೊಟ್ಟವಳು ವೀರಶೈವ ರಾಣಿ. 1689ರಲ್ಲಿ ಔರಂಗಜೇಬನ ಕೋಪಕ್ಕೂ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆ ಆಶ್ರಯದ ಪಕ್ಕದಲ್ಲಿ ಕರಾವಳಿಯ ಇಗರ್ಜಿಗಳ ಸಂಗತಿಯನ್ನೂ ಇಟ್ಟು ನೋಡಿದರೆ ಆಕೆಯ ಆಳ್ವಿಕೆಯ ವಿಸ್ತಾರ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ. ಹುಲಿಕಲ್ ಘಾಟಿಯನ್ನು ಇಳಿದು ಕುಂದಾಪುರಕ್ಕೆ ಹೋಗುವಾಗ ನಾವು ಒಂದೇ ರಾಜ್ಯದ ಮೇಲ್ಮನೆಯಿಂದ ಕೆಳಮನೆಗೆ ಹೋಗುತ್ತಿದ್ದೇವೆಂಬ ಭಾವನೆ ನಮಗಿರಬೇಕು.

ಎರಡನೆಯದು ಊಟದ ಪಂಕ್ತಿಗೆ ಸಂಬಂಧಿಸಿದ್ದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮ ಅಜ್ಜ ಕೊನೆಕೊಯ್ಲಿನ ದಿನಗಳಲ್ಲಿ ಬೇರೆಯವರ ಅಡಿಕೆ ತೋಟದಲ್ಲಿ ದುಡಿದವರು. ಒಡೆಯರ ಮನೆಯ ಮದುವೆಯಲ್ಲಿ, ಎಲ್ಲರ ಊಟ ಮುಗಿದ ಮೇಲೆ, ಅಂಗಳದ ತುದಿಯಲ್ಲಿ ಎಲೆ ಹಾಕಿಸಿಕೊಂಡು ಉಣ್ಣುತ್ತಿದ್ದರಂತೆ. ಅನ್ನ ಕಡಮೆಯಾಗುತ್ತಿರಲಿಲ್ಲ, ಪಾಯಸವೂ ಬರುತ್ತಿತ್ತು. ಆದರೆ ಆ ಊಟದ ರುಚಿಯನ್ನು ಅವರು ಎಂದೂ ವರ್ಣಿಸಿದ್ದನ್ನು ನಾನು ಕೇಳಲಿಲ್ಲ. ಯಾರು ಯಾವ ಪಂಕ್ತಿಯಲ್ಲಿ ಕುಳಿತರು, ಯಾರ ಕೈಯಿಂದ ಉಂಡರು ಎಂಬುದು ನಮ್ಮ ನಾಡಿನಲ್ಲಿ ಸಣ್ಣ ವಿಷಯವಲ್ಲ. ಪರಮಪ್ರಸಾದದ ಆದರ್ಶವಾದರೋ, ಒಂದು ರೊಟ್ಟಿಯನ್ನು ಮುರಿದು ಎಲ್ಲರಿಗೂ ಸಮನಾಗಿ ಕೊಡುವುದು. ಇಗರ್ಜಿಗಳೊಳಗೂ ಜಾತಿ ಉಳಿಯಿತು, ಒರೆಟರಿಯ ಹೊಸ್ತಿಲಿನಲ್ಲೂ ಉಳಿಯಿತು. ಆದರೆ ಕೂಲಿಯ ವೇಷದಲ್ಲಿ ಗುಡಿಸಲ ಬಾಗಿಲಲ್ಲಿ ನಿಂತು ಭಿಕ್ಷೆ ಬೇಡಿ ಉಂಡು, ಅದೇ ಗುಡಿಸಲಿನಲ್ಲಿ ಪೀಠ ಹೂಡಿದ ಆ ಒಬ್ಬ ಮನುಷ್ಯನಲ್ಲಿ ಆದರ್ಶವೂ ಆಚರಣೆಯೂ ಒಂದಾದುವು.

ಮೊದಲಿನ ಪ್ರಶ್ನೆಗೆ ನನಗೆ ತೋಚಿದ ಉತ್ತರವಿದು. ಜೋಸೆಫ್ ವಾಜ್ ಅವರು ಆ ತೆಳ್ಳನೆಯ ರೊಟ್ಟಿಯನ್ನು ದೇವರೆಂದು ನಂಬಿದ್ದರು. ಅದು ಎಲ್ಲಿ ತಲುಪಲಿಲ್ಲವೋ ಅಲ್ಲಿ ಮನುಷ್ಯ ಹಸಿದಿದ್ದಾನೆಂದೂ ನಂಬಿದ್ದರು. ನಂಬಿಕೆ ಅವರದು, ಆದರೆ ಹಸಿದವನಿರುವಲ್ಲಿಗೆ ತಾನೇ ನಡೆದುಹೋಗಬೇಕೆಂಬ ಪಾಠ ಯಾವ ಮತದವನಿಗೂ ಅನ್ಯವಲ್ಲ. ಪದವಿ ಪಡೆದು ಹೊರಹೋಗಲಿರುವ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗಬಹುದು, ಕೆಲವರು ಕಚೇರಿಗಳಲ್ಲಿ ಕುಳಿತುಕೊಳ್ಳಬಹುದು. ವಿದ್ಯೆಯೂ ಒಂದು ಪ್ರಸಾದವೇ. ಅದನ್ನು ಪಡೆದವರು ಬಾಗಿಲಲ್ಲಿ ಕುಳಿತು ಬಂದವರಿಗೆ ಮಾತ್ರ ಕೊಟ್ಟರೆ ಸಾಲದು. ಬರಲಾರದವರ ಮನೆಗೆ ಕೊಂಡೊಯ್ಯಬೇಕು. ಮುನ್ನೂರು ವರ್ಷಗಳ ಹಿಂದೆ ನಮ್ಮ ನಾಡಿನ ದಾರಿಗಳಲ್ಲಿ ಒಬ್ಬರು ಹಾಗೆ ನಡೆದು ತೋರಿಸಿದ್ದಾರೆ.